ಕ್ಯೂಬ್‌ಸ್ಯಾಟ್‌ನ ಚಿಕ್ಕ ಚಿಪ್ಪಿನಲ್ಲಿ ನ್ಯೂರಲ್ ನೆಟ್‌ವರ್ಕ್ ಓಡುತ್ತದಾ?

ಕಾಲೇಜಿನ 1ಯು ಕ್ಯೂಬ್‌ಸ್ಯಾಟ್ (ಸುಮಾರು 10 ಸೆಂ.ಮೀ. ಘನಾಕಾರದ ಪುಟ್ಟ ಉಪಗ್ರಹ), 256 ಕೆಬಿ ರ್‍ಯಾಮ್, ಅದರಲ್ಲಿ ದೋಷ ಹಿಡಿಯುವ ನೆಟ್‌ವರ್ಕ್ ಹಿಡಿಸುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ. 16 ಟೆಲಿಮೆಟ್ರಿ ಅಳತೆಗಳನ್ನು (ಉಪಗ್ರಹ ತನ್ನ ವೋಲ್ಟೇಜ್, ಕರೆಂಟ್ ಮುಂತಾದವನ್ನು ಅಳೆದು ಕಳಿಸುವ ಸಂಖ್ಯೆಗಳು) 8ಕ್ಕೆ, 3ಕ್ಕೆ ಕುಗ್ಗಿಸಿ ಮತ್ತೆ 8, 16 ಮಾಡುವ ನೆಟ್‌ವರ್ಕೇ ಆಟೋಎನ್‌ಕೋಡರ್; ಮರಳಿ ಕಟ್ಟಿದ್ದು ಮೂಲಕ್ಕೆ ಹೊಂದದಿದ್ದರೆ ಏನೋ ಎಡವಟ್ಟಾಗಿದೆ ಎಂದರ್ಥ. ಅದಕ್ಕೆ ವೆಯ್ಟ್‌ (ಕಲಿತ ಗುಣಕ), ಬಯಾಸ್ (ಕೂಡಿಸುವ ಸಂಖ್ಯೆ) ಎಲ್ಲ ಸೇರಿ 339 ಸಂಖ್ಯೆ ಸಾಕು. 32 ಬಿಟ್ ಫ್ಲೋಟ್‌ನಲ್ಲೇ ಇಟ್ಟರೂ ಒಂದೂವರೆ ಕೆಬಿ ಮುಟ್ಟುವುದಿಲ್ಲ. ಕ್ವಾಂಟೈಸೇಶನ್ (ಸಂಖ್ಯೆಗಳನ್ನು ಕಡಿಮೆ ಬಿಟ್‌ಗೆ ಇಳಿಸುವುದು) ಅಂತ ತಲೆ ಕೆಡಿಸಿಕೊಳ್ಳಬೇಕಾದವರು ಕ್ಯಾಮೆರಾ ಚಿತ್ರ ಇಟ್ಟುಕೊಂಡವರು. 2020ರಲ್ಲಿ ಹಾರಿದ ಫೈ-ಸ್ಯಾಟ್-1 ಮೋಡ ಗುರುತಿಸಲು ಮಿರಿಯಡ್ 2 ಎಂಬ ಬೇರೆ ಚಿಪ್ಪನ್ನೇ ಹೊತ್ತಿತ್ತು.

ಮೊದಲು ಮಾಮೂಲಿ ಲಿಮಿಟ್ ಚೆಕ್ (ಪ್ರತಿ ಅಳತೆ ತನ್ನ ಮಿತಿಯೊಳಗಿದೆಯೇ ಎಂಬ ಪರೀಕ್ಷೆ) ಬರೆಯಿರಿ, ಬಹುಪಾಲು ಕೆಲಸ ಅದೇ ಮಾಡುತ್ತದೆ. ಅದಕ್ಕೆ ಕಾಣದ್ದು ಇಂಥದ್ದು: ಸೂರ್ಯ ಪ್ಯಾನಲ್‌ಗೆ ನೇರ ಎದುರಿಗಿದ್ದಾನೆ ಎನ್ನುತ್ತದೆ ಸನ್ ಸೆನ್ಸರ್, ಬರುತ್ತಿರುವ ಕರೆಂಟ್ ಮಾತ್ರ ಅರ್ಧ. ಭೂಮಿಯ ನೆರಳಿನಲ್ಲಿ ಕರೆಂಟ್ ಹೇಗೂ ಸೊನ್ನೆಗಿಳಿಯುವುದರಿಂದ ಅರ್ಧ ಎಂಬುದು ಮಿತಿಯೊಳಗೇ ಇದೆ. ಎರಡರ ನಂಟು ತಪ್ಪಿದೆ ಅನ್ನುವುದನ್ನು ನೆಟ್‌ವರ್ಕ್ ಹಿಡಿಯುತ್ತದೆ.

ನಮ್ಮ ಉಪಗ್ರಹಕ್ಕೆ ಇಂಥದ್ದೇ ಮಾಡುವಾಗ ನಾವು ಎಡವಿದ್ದು ಡೇಟಾದಲ್ಲಿ. ಲ್ಯಾಬಿನ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಕೂತು ಸಂಗ್ರಹಿಸಿದ ಟೆಲಿಮೆಟ್ರಿಯಲ್ಲಿ ಟ್ರೇನ್ ಮಾಡಿದ್ದೆವು. ಥರ್ಮೋವ್ಯಾಕ್ ಪರೀಕ್ಷೆಯಲ್ಲಿ (ಗಾಳಿಯಿಲ್ಲದ ಕೋಣೆಯಲ್ಲಿ ಬಿಸಿ-ತಣ್ಣಗೆ ಮಾಡಿ ನೋಡುವುದು) ಪ್ಯಾನಲ್ ತಣ್ಣಗಿದ್ದಾಗ ದೀಪ ಹಾಕಿದರೆ ಸಾಕು, ಅಲಾರಂ! ಅರ್ಧ ದಿನ ವೈರಿಂಗ್ ಹುಡುಕಿದೆವು, ನಾಚಿಕೆಯ ವಿಷಯ. ಸೋಲಾರ್ ಸೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಅಷ್ಟೇ. ಕಕ್ಷೆಯಲ್ಲೂ ನೆರಳಿನಿಂದ ಹೊರಬಂದಾಗಲೆಲ್ಲ ಹೀಗೇ ಆಗುತ್ತದೆ. ದಿನಕ್ಕೆ ಸುಮಾರು 15 ಸುತ್ತು, ಪ್ರತಿ ಸುತ್ತಿಗೂ ‘ಹುಲಿ ಬಂತು ಹುಲಿ’ ಅಂತ ಕೂಗಿದರೆ ಯಾರು ಕಿವಿಗೊಡುತ್ತಾರೆ? ಪ್ಯಾನಲ್‌ನ ಉಷ್ಣಾಂಶವನ್ನೂ ಇನ್‌ಪುಟ್‌ಗೆ ಸೇರಿಸಿ, ಥರ್ಮೋವ್ಯಾಕ್ ಡೇಟಾ ಬೆರೆಸಿ ಮತ್ತೆ ಟ್ರೇನ್ ಮಾಡಿದ ಮೇಲೆ ಸುಮ್ಮನಾಯಿತು.

ಮೇಲೆ ಹೋದ ಮೇಲೂ ‘ಸಹಜ’ ಅನ್ನುವುದು ಬದಲಾಗುತ್ತಲೇ ಇರುತ್ತದೆ, ಬ್ಯಾಟರಿಗೂ ವಯಸ್ಸಾಗುತ್ತದೆ. ಹಾಗಾಗಿ ವೆಯ್ಟ್‌ಗಳನ್ನು ಕೋಡ್‌ನೊಳಗೆ ಹೂತುಬಿಡಬೇಡಿ, ನೆಲದಿಂದ ಕಳಿಸಿ ಬದಲಿಸುವಂತಿರಲಿ. 9600 ಬಿಟ್ ವೇಗದ ಲಿಂಕ್‌ನಲ್ಲೂ ಅದು ಒಂದೆರಡು ಸೆಕೆಂಡಿನ ಕೆಲಸ. ವಿಕಿರಣ ಬಡಿದು ಬಿಟ್ ತಿರುಗುವುದುಂಟು, ಮೂರು ಪ್ರತಿ ಇಟ್ಟು ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ನೋಡಿ.

ಇನ್ನು, ಯಾವುದನ್ನೂ ಆಫ್ ಮಾಡುವ ಅಧಿಕಾರ ನೆಟ್‌ವರ್ಕ್‌ಗೆ ಕೊಡಬೇಡಿ. ಅನುಮಾನ ಬಂದಾಗ ಬೀಕನ್‌ನಲ್ಲಿ (ಉಪಗ್ರಹ ಆಗಾಗ ಕಳಿಸುವ ಚಿಕ್ಕ ರೇಡಿಯೋ ಸಂದೇಶ) ಒಂದು ಬಿಟ್ ಎತ್ತಲಿ, ಆ ಹೊತ್ತಿನ ಪೂರ್ತಿ ಡೇಟಾ ಉಳಿಸಿಡಲಿ. ಸೇಫ್ ಮೋಡ್‌ಗೆ (ಅಗತ್ಯದ್ದನ್ನಷ್ಟೇ ಓಡಿಸುವ ಸುರಕ್ಷಿತ ಸ್ಥಿತಿ) ಹೋಗುವ ತೀರ್ಮಾನ ಲಿಮಿಟ್ ಚೆಕ್‌ನದ್ದೇ ಇರಲಿ.