ಮಾಸ್ತಿಕಲ್ಲಿನ ಪಾಠದ ಮುಂದಿನ ಪುಟ ಬ್ರಿಸ್ಟಲ್‌ನಲ್ಲಿದೆ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ತಡ. ಉಳಿದ ಓದುಗರಿಗೂ ತಿಳಿಯಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಯ ಎರಡು ವಾರ ಗಂಡ ಹೆಂಡತಿ ಅಲ್ಲಿಗೆ ಹೋಗುತ್ತಿದ್ದೀರಿ. ನೋಡಬೇಕಾದ ಜಾಗಗಳದ್ದೊಂದು ಪಟ್ಟಿಯನ್ನು ಮಗಳು ಮೊಬೈಲಿಗೆ ಕಳಿಸಿದ್ದಾಳೆ. ಒಂದು ಸೇತುವೆ, ಒಂದು ಹಡಗು, ಒಂದು ಚರ್ಚು, ಗೋಡೆ ಮೇಲಿನ ಚಿತ್ರಗಳು. "ಇಷ್ಟಕ್ಕೆ ಎರಡು ದಿನ ಸಾಕಲ್ವಾ? ಉಳಿದ ದಿನ ಲಂಡನ್ನಿನಲ್ಲೇ ಕಳೆಯೋಣವೇ?" ಎಂದು ಕೇಳಿದ್ದೀರಿ. ಮನೆಯವರಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ ಎಂದೂ ಬರೆದಿದ್ದೀರಿ. ಕೊನೆಯಲ್ಲಿ, ಪ್ರಶ್ನೆಗೆ ಸಂಬಂಧವೇ ಇಲ್ಲದ ಹಾಗೆ ಒಂದು ಸಾಲು ಇದೆ. ಪ್ರತಿವರ್ಷ ಮಕ್ಕಳನ್ನು ಊರಾಚೆಯ ಮಾಸ್ತಿಕಲ್ಲಿನ, ಅಂದರೆ ಸತಿ ಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲಿನ, ಹತ್ತಿರ ಕರೆದುಕೊಂಡು ಹೋಗಿ, ಆ ಬಳೆ ತೊಟ್ಟ ತೋಳನ್ನು ತೋರಿಸಿ, ಅಲ್ಲೇ ನಿಂತು ಸತಿ ಪದ್ಧತಿಯ ಪಾಠ ಮಾಡುತ್ತಿದ್ದೆ ಎಂದು.

ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಿಮ್ಮ ಮಗಳ ಪಟ್ಟಿಯಲ್ಲಿ ಇಲ್ಲದ ಒಂದು ಜಾಗಕ್ಕೆ ನೀವು ಹೋಗಲೇಬೇಕು. ಸತಿ ಪದ್ಧತಿಯ ವಿರುದ್ಧ ಹೋರಾಡಿದ ರಾಜಾ ರಾಮಮೋಹನ ರಾಯರ ಸಮಾಧಿ ಇರುವುದು ಬ್ರಿಸ್ಟಲ್‌ನಲ್ಲಿ.

1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧದ ಕಾನೂನು ತಂದ ಎಂಬುದನ್ನು ನೀವು ಸಾವಿರ ಸಲ ಹೇಳಿರುತ್ತೀರಿ. ಪಾಠ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಕಾನೂನು ರದ್ದಾಗಬೇಕೆಂದು ವಿರೋಧಿಗಳು ಇಂಗ್ಲೆಂಡಿನ ಪ್ರಿವಿ ಕೌನ್ಸಿಲ್‌ಗೆ, ಅಂದರೆ ದೊರೆಯ ಸಲಹಾ ಮಂಡಳಿಗೆ, ಮೇಲ್ಮನವಿ ಹಾಕಿದರು. ರಾಯರು ಹಡಗು ಹತ್ತಲು ಇದೂ ಒಂದು ಕಾರಣ. ದೆಹಲಿಯ ಮೊಘಲ್ ಬಾದಶಹ ಎರಡನೇ ಅಕ್ಬರ್ ತನ್ನ ಪಿಂಚಣಿಯ ವಿಷಯ ಮಾತಾಡಲು ಅವರನ್ನು ಪ್ರತಿನಿಧಿಯಾಗಿ ಕಳಿಸಿದ್ದ. 'ರಾಜಾ' ಎಂಬ ಬಿರುದು ಕೊಟ್ಟವನೂ ಅವನೇ. 1831ರ ಏಪ್ರಿಲ್‌ನಲ್ಲಿ ರಾಯರು ಲಿವರ್‌ಪೂಲ್‌ನಲ್ಲಿ ಇಳಿದರು. ಮರುವರ್ಷ ಮೇಲ್ಮನವಿ ವಜಾ ಆಯಿತು, ಕಾನೂನು ಉಳಿಯಿತು. 1833ರ ಸೆಪ್ಟೆಂಬರ್‌ನಲ್ಲಿ ಸ್ನೇಹಿತರ ಕರೆಯ ಮೇಲೆ ಬ್ರಿಸ್ಟಲ್‌ಗೆ ಬಂದವರು ಕೆಲವೇ ದಿನಗಳಲ್ಲಿ ಜ್ವರ ಹಿಡಿದು ಮಲಗಿದರು. ಮತ್ತೆ ಏಳಲಿಲ್ಲ. ಸೆಪ್ಟೆಂಬರ್ 27ರಂದು ತೀರಿಕೊಂಡರು.

ಮೊದಲು ಅವರನ್ನು ಮಣ್ಣು ಮಾಡಿದ್ದು ಅವರು ಉಳಿದುಕೊಂಡಿದ್ದ ಸ್ಟೇಪಲ್ಟನ್ ಗ್ರೋವ್ ಮನೆಯ ತೋಟದಲ್ಲಿ, ಮರಗಳ ಕೆಳಗೆ. ಹತ್ತು ವರ್ಷದ ಮೇಲೆ, 1843ರಲ್ಲಿ, ಗೆಳೆಯ ದ್ವಾರಕಾನಾಥ ಠಾಕೂರರು ಶವಪೆಟ್ಟಿಗೆಯನ್ನು ಆರ್ನೋಸ್ ವೇಲ್ ಎಂಬ ಸ್ಮಶಾನಕ್ಕೆ ತರಿಸಿ, ಮೇಲೊಂದು ಮಂಟಪ ಕಟ್ಟಿಸಿದರು. ಕವಿ ರವೀಂದ್ರರ ತಾತ ಇವರು. ದೊಡ್ಡ ದೊಡ್ಡ ಮರ, ಪಾಚಿ ಹಿಡಿದ ಶಿಲುಬೆ, ರೆಕ್ಕೆ ಬಿಚ್ಚಿದ ದೇವದೂತರ ಕಲ್ಲುಗಳು. ಅವುಗಳ ನಡುವೆ ಕಂಬಗಳ ಮೇಲೆ ನಿಂತ ನಮ್ಮ ಕಡೆಯ ಮಂಟಪ. ನಾನು ಹೋದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಅದನ್ನು ಕಂಡ ಕೂಡಲೇ ಕೈ ತಾನಾಗಿ ಚಪ್ಪಲಿ ಬಿಡಲು ಹೋಯಿತು. ಮುಖ್ಯ ಗೇಟಿಗೆ ಹತ್ತಿರವೇ ಇದೆ. ಮನೆಯವರು ಹೆಚ್ಚು ನಡೆಯಬೇಕಾಗಿಲ್ಲ.

ಊರ ನಡುವೆ, ಕೆಥೆಡ್ರಲ್ ಮುಂದಿನ ಕಾಲೇಜ್ ಗ್ರೀನ್ ಎಂಬ ಹುಲ್ಲುಹಾಸಿನ ಬಳಿ, ರಾಯರ ನಿಂತ ಪ್ರತಿಮೆಯೂ ಇದೆ. 1997ರಲ್ಲಿ ಇಟ್ಟದ್ದು. ಅಲ್ಲಿಂದ ಸ್ವಲ್ಪ ದೂರದಲ್ಲಿ ರೆಡ್ ಲಾಡ್ಜ್ ಎಂಬ ಹಳೇ ಮನೆ ಇದೆ, ಈಗ ವಸ್ತುಸಂಗ್ರಹಾಲಯ. 1854ರಲ್ಲಿ ಮೇರಿ ಕಾರ್ಪೆಂಟರ್ ಎಂಬಾಕೆ ದಾರಿ ತಪ್ಪಿದ ಬಡ ಹುಡುಗಿಯರಿಗಾಗಿ ಶಾಲೆ ತೆರೆದದ್ದು ಅದೇ ಮನೆಯಲ್ಲಿ. ರಾಯರನ್ನು ಬ್ರಿಸ್ಟಲ್‌ನಲ್ಲಿ ಬರಮಾಡಿಕೊಂಡ ಪಾದ್ರಿಯ ಮಗಳು ಈಕೆ. ರಾಯರು ಬಂದಾಗ 26 ವರ್ಷ. ಆ ಭೇಟಿಯನ್ನು ಆಕೆ ಮರೆಯಲಿಲ್ಲ. 1866ರಲ್ಲಿ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಹೆಣ್ಣುಮಕ್ಕಳ ಶಿಕ್ಷಣದ ಕೆಲಸಕ್ಕೆಂದು ನಮ್ಮ ದೇಶಕ್ಕೆ ಬಂದರು. ಮತ್ತೆ ಮತ್ತೆ ಬಂದರು. ನಿಮ್ಮ ಪಾಠಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ಇನ್ನು ಪಟ್ಟಿಯ ಜಾಗಗಳು. ಅವುಗಳನ್ನು ಒಂದೊಂದಾಗಿ ಟಿಕ್ ಹಾಕುತ್ತಾ ಓಡಿದರೆ ಎರಡೇ ದಿನ ಸಾಕು, ನಿಜ. ಹಾಗೆ ನೋಡಬೇಡಿ ಅನ್ನುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬ್ರಿಸ್ಟಲ್ ನೀರಿನಿಂದ ಬೆಳೆದ ಊರು. ನೀರನ್ನು ಹಿಡಿದು ಹೋದರೆ ಊರು ತಾನಾಗಿ ಅರ್ಥವಾಗುತ್ತದೆ.

ಅಲ್ಲಿನ ಏವನ್ ನದಿಯಲ್ಲಿ ಸಮುದ್ರದ ಉಬ್ಬರ ಇಳಿತ ಭಾರೀ ಜಾಸ್ತಿ. ನದಿ ಸಮುದ್ರ ಸೇರುವಲ್ಲಿ ನೀರು 12 ಮೀಟರ್‌ಗೂ ಹೆಚ್ಚು ಏರಿ ಇಳಿಯುತ್ತದೆ. ಮೂರು ಮಾಳಿಗೆ ಮನೆಯಷ್ಟು! ಹಿಂದೆ ಇಳಿತದ ಹೊತ್ತಿಗೆ ಬಂದರಿನಲ್ಲಿದ್ದ ಹಡಗುಗಳು ಕೆಸರಿನಲ್ಲಿ ವಾಲಿಕೊಂಡು ಕೂರುತ್ತಿದ್ದವು. 1809ರಲ್ಲಿ ನದಿಗೆ ಹೊಸ ಪಾತ್ರ ತೋಡಿ, ಹಳೇ ಪಾತ್ರಕ್ಕೆ ಬಾಗಿಲು ಹಾಕಿ, ನೀರು ಇಳಿಯದ ಹಾಗೆ ಮಾಡಿದರು. ಅದೇ ಇವತ್ತಿನ ಹಾರ್ಬರ್. ಅಲ್ಲಿ ಸಣ್ಣ ದೋಣಿಗಳು ನಮ್ಮ ಸಿಟಿ ಬಸ್ಸಿನ ಹಾಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಓಡಾಡುತ್ತವೆ. ರೈಲು ನಿಲ್ದಾಣದ ಹತ್ತಿರ ಹತ್ತಿದರೆ ಹಡಗಿನವರೆಗೂ ಕೂತೇ ಹೋಗಬಹುದು. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ದಾರಿಯಲ್ಲಿ ಎಂ ಶೆಡ್ ಎಂಬ ವಸ್ತುಸಂಗ್ರಹಾಲಯ ಸಿಗುತ್ತದೆ. ಹಳೇ ಬಂದರು ಗೋದಾಮು, ಪ್ರವೇಶ ಉಚಿತ. ಇಲ್ಲಿ ಅರ್ಧ ದಿನ ಇಡಿ. ಒಳಗೆ ಒಂದು ಕಂಚಿನ ಪ್ರತಿಮೆ ಅಂಗಾತ ಮಲಗಿದೆ. ಮೈಯೆಲ್ಲ ಬಣ್ಣ ಎರಚಿದ ಕಲೆ. ಎಡ್ವರ್ಡ್ ಕೋಲ್ಸ್ಟನ್ ಎಂಬ ವ್ಯಾಪಾರಿಯದು. ಶಾಲೆ, ಆಸ್ಪತ್ರೆ, ಛತ್ರಗಳಿಗೆ ದಾನ ಕೊಟ್ಟವನೆಂದು ಊರವರು 1895ರಲ್ಲಿ ಚೌಕದಲ್ಲಿ ನಿಲ್ಲಿಸಿದ್ದರು. ಆದರೆ ಅವನು ಆಡಳಿತದಲ್ಲಿದ್ದ ರಾಯಲ್ ಆಫ್ರಿಕನ್ ಕಂಪನಿ ಜನರನ್ನು ಹಿಡಿದು ಮಾರುವ ಕಂಪನಿ. ಅವನು ಅದರಲ್ಲಿದ್ದ ಕಾಲದಲ್ಲೇ ಸುಮಾರು 84 ಸಾವಿರ ಆಫ್ರಿಕನ್ನರನ್ನು ಸಾಗಿಸಿತು, ಅವರಲ್ಲಿ 19 ಸಾವಿರದಷ್ಟು ಜನ ದಾರಿಯಲ್ಲೇ ಸತ್ತರು ಎಂದು ಅಂದಾಜು. 2020ರ ಜೂನ್ 7ರಂದು ಜನ ಹಗ್ಗ ಕಟ್ಟಿ ಪ್ರತಿಮೆಯನ್ನು ಎಳೆದು ಕೆಡವಿ, ಉರುಳಿಸಿಕೊಂಡು ಹೋಗಿ ಹಾರ್ಬರ್ ನೀರಿಗೆ ತಳ್ಳಿದರು. ಆಮೇಲೆ ಅದನ್ನು ಎತ್ತಿದವರು ಮತ್ತೆ ನಿಲ್ಲಿಸಲಿಲ್ಲ, ತೊಳೆದು ಹೊಳಪು ಕೊಡಲೂ ಇಲ್ಲ. ಬಿದ್ದ ಹಾಗೆಯೇ ಮಲಗಿಸಿ ಇಟ್ಟಿದ್ದಾರೆ.

ನನಗೆ ಇದು ಬಹಳ ಹಿಡಿಸಿತು. ಆ ಊರಿನ ದುಡ್ಡಿನ ಬೇರು ಎಲ್ಲಿದೆ ಎಂಬುದನ್ನು ಅವರು ಮುಚ್ಚಿಟ್ಟಿಲ್ಲ. 1698ರಿಂದ 1807ರವರೆಗೆ 2 ಸಾವಿರಕ್ಕೂ ಹೆಚ್ಚು ಸಲ ಗುಲಾಮರ ಹಡಗು ಈ ಬಂದರಿನಿಂದ ಹೊರಟಿದೆ. ಹತ್ತಿರದಲ್ಲೇ ನೀರಿನ ಮೇಲೆ ಎರಡು ದೊಡ್ಡ ಕೊಂಬು ಇರುವ ಕಾಲುಸೇತುವೆ ಕಾಣುತ್ತದೆ. ಅದರ ಹೆಸರು ಪೀರೋ ಸೇತುವೆ, 1999ರದ್ದು. ಜಾನ್ ಪಿನ್ನಿ ಎಂಬ ಸಕ್ಕರೆ ವ್ಯಾಪಾರಿ ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಕರೆತಂದ ಗುಲಾಮ ಈ ಪೀರೋ. ಪಿನ್ನಿಯ ಮನೆ ಕಾಲೇಜ್ ಗ್ರೀನ್‌ನಿಂದ ಮೇಲೆ, ಗ್ರೇಟ್ ಜಾರ್ಜ್ ರಸ್ತೆಯಲ್ಲಿದೆ. ಜಾರ್ಜಿಯನ್ ಹೌಸ್ ಅನ್ನುತ್ತಾರೆ. ಅಡುಗೆಮನೆ, ಊಟದ ಕೋಣೆ, ನೆಲಮಾಳಿಗೆಯ ತಣ್ಣೀರ ಕೊಳ ಎಲ್ಲ ಹಾಗೇ ಇವೆ. ಒಳಗೆ ಮೆಟ್ಟಿಲು ಜಾಸ್ತಿ. ಮನೆಯವರು ಕೆಳಗಿನ ಕೋಣೆಗಳಲ್ಲೇ ಇರಲಿ, ನೀವು ಹತ್ತಿ ಬನ್ನಿ. ಎಲ್ಲ ದಿನವೂ ತೆರೆದಿರುವುದಿಲ್ಲ, ಮಗಳಿಗೆ ಮೊದಲೇ ನೋಡಲು ಹೇಳಿ. ಮನೆಯೊಡೆಯನ ಹೆಸರಿನಲ್ಲಿ ಊರ ನಡುವೆ ಸೇತುವೆ ಇಲ್ಲ, ಗುಲಾಮನ ಹೆಸರಿನಲ್ಲಿ ಇದೆ. ಆ ಮನೆ ನೋಡಿ ಬಂದು ಸೇತುವೆ ದಾಟಿ.

ಇದೇ ಎಳೆಯ ಇನ್ನೊಂದು ತುದಿ ಬಸ್ ನಿಲ್ದಾಣದಲ್ಲಿದೆ. 1963ರವರೆಗೂ ಊರಿನ ಬಸ್ ಕಂಪನಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮೊದಲಾದವರು ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ನಾಲ್ಕು ತಿಂಗಳು ನಡೆಯಿತು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಆಮೇಲೆ ಕೆಲಸಕ್ಕೆ ಸೇರಿದ ಮೊದಲ ಬಿಳಿಯನಲ್ಲದ ಕಂಡಕ್ಟರ್ ಯಾರು ಗೊತ್ತಾ? ರಘುಬೀರ್ ಸಿಂಗ್, ಒಬ್ಬ ಸಿಖ್. ನಿಲ್ದಾಣದಲ್ಲಿ ಈ ಚಳವಳಿಯ ನೆನಪಿನ ಫಲಕ ಹಾಕಿದ್ದಾರೆ. ಬಸ್ಸಿಗೆ ಕಾಯುವಾಗ ಒಮ್ಮೆ ಹುಡುಕಿ ನೋಡಿ.

ಹಡಗಿಗೆ ಬರೋಣ. ಎಸ್‌ಎಸ್ ಗ್ರೇಟ್ ಬ್ರಿಟನ್. ಟಿಕೆಟ್ ದುಬಾರಿ, ಆದರೂ ತೆಗೆದುಕೊಳ್ಳಿ. ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಎಂಬ ಎಂಜಿನಿಯರ್ ಕಟ್ಟಿದ್ದು. 1843ರ ಜುಲೈ 19ರಂದು ನೀರಿಗಿಳಿಯಿತು. ಕಬ್ಬಿಣದ ಮೈ, ಹಿಂದೆ ತಿರುಗುವ ಪ್ರೊಪೆಲರ್, ಇವೆರಡೂ ಇದ್ದು ಅಟ್ಲಾಂಟಿಕ್ ದಾಟಿದ ಮೊದಲ ಹಡಗು. ಆಮೇಲೆ ಸಾವಿರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಒಯ್ದಿತು. 1857ರಲ್ಲಿ ನಮ್ಮ ಸಿಪಾಯಿಗಳ ದಂಗೆ ಅಡಗಿಸಲು ಮುಂಬಯಿಗೆ ಸೈನ್ಯ ತಂದದ್ದೂ ಇದೇ ಹಡಗು. ಕೊನೆಗೆ ಫಾಕ್‌ಲೆಂಡ್ ದ್ವೀಪದಲ್ಲಿ ಕಲ್ಲಿದ್ದಲು ತುಂಬುವ ಗೋದಾಮಾಗಿ, ತೂತು ಬಿದ್ದು, ಮುಳುಗಿ ಕೂತಿತ್ತು. 1970ರಲ್ಲಿ ಎತ್ತಿ ತಂದು ಹುಟ್ಟಿದ ಕಟ್ಟೆಯಲ್ಲೇ ಮತ್ತೆ ನಿಲ್ಲಿಸಿದರು. ಅದು ಕಟ್ಟೆ ಸೇರಿದ ದಿನವೂ ಜುಲೈ 19. ಸುತ್ತ ಗಾಜು ಹಾಸಿ ಮೇಲೆ ತೆಳುವಾಗಿ ನೀರು ನಿಲ್ಲಿಸಿದ್ದಾರೆ. ಗಾಜಿನ ಕೆಳಗೆ ಇಳಿದರೆ ತುಕ್ಕು ತಿಂದ ಹಡಗಿನ ತಳದ ಪಕ್ಕದಲ್ಲೇ ನಿಲ್ಲುತ್ತೀರಿ. ತುಕ್ಕು ಮುಂದುವರಿಯದಂತೆ ಅಲ್ಲಿನ ಗಾಳಿಯನ್ನು ಯಂತ್ರದಿಂದ ಒಣಗಿಸುತ್ತಾರೆ.

ಕ್ಲಿಫ್ಟನ್ ತೂಗುಸೇತುವೆಯ ನಕ್ಷೆಯೂ ಬ್ರುನೆಲ್‌ನದ್ದೇ. 1831ರಲ್ಲಿ ಕೆಲಸ ಶುರುವಾಯಿತು. ದುಡ್ಡು ಮುಗಿಯಿತು. ಎರಡು ಗೋಪುರ ಬರೀ ಹಾಗೇ ನಿಂತವು. 1859ರಲ್ಲಿ ಬ್ರುನೆಲ್ ತೀರಿಕೊಂಡ. ಅವನ ನೆನಪಿಗಾಗಿ ಇತರ ಎಂಜಿನಿಯರುಗಳು ಕೆಲಸ ಕೈಗೆತ್ತಿಕೊಂಡು 1864ರಲ್ಲಿ ಮುಗಿಸಿದರು. ಸರಪಳಿಗಳಿಗೆ ಲಂಡನ್ನಿನಲ್ಲಿ ಕೆಡವುತ್ತಿದ್ದ ಬ್ರುನೆಲ್‌ನದ್ದೇ ಇನ್ನೊಂದು ಸೇತುವೆಯ ಕಬ್ಬಿಣ ಬಳಸಿದರು. ಕಣಿವೆಯ ಮೇಲೆ 214 ಮೀಟರ್ ಉದ್ದ ತೂಗುತ್ತದೆ. ನಡೆದು ದಾಟಲು ದುಡ್ಡಿಲ್ಲ. ಗುಡ್ಡದ ಮೇಲಿನ ಜಾಗ, ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಿ. ಸಾಧ್ಯವಾದರೆ ಒಮ್ಮೆ ಉಬ್ಬರದಲ್ಲಿ, ಒಮ್ಮೆ ಇಳಿತದಲ್ಲಿ ನೋಡಿ. ಬೆಳಿಗ್ಗೆ ತುಂಬಿ ಹರಿಯುತ್ತಿದ್ದ ನದಿ ಮಧ್ಯಾಹ್ನ ಕೆಸರಿನ ನಡುವೆ ಸಣ್ಣ ಕಾಲುವೆಯಾಗಿರುತ್ತದೆ.

ಕಾರ್ನ್ ಸ್ಟ್ರೀಟ್‌ನ ಹಳೇ ಮಾರುಕಟ್ಟೆ ಕಟ್ಟಡದ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳು. ಒಂದು ಲಂಡನ್ ಸಮಯ, ಇನ್ನೊಂದು ಹತ್ತು ನಿಮಿಷ ಹಿಂದಿನ ಬ್ರಿಸ್ಟಲ್ ಸಮಯ. ಸೂರ್ಯ ಅಲ್ಲಿಗೆ ಅಷ್ಟು ತಡ, ಅಷ್ಟೇ. ರೈಲು ಬಂದ ಮೇಲೆ ತೊಂದರೆಯಾಗಿ, 1852ರಲ್ಲಿ ಊರು ಲಂಡನ್ ಸಮಯಕ್ಕೆ ಒಪ್ಪಿತು. ನಮ್ಮ ಬೊಂಬಾಯಿ 1955ರವರೆಗೂ ತನ್ನದೇ ಸಮಯ ಇಟ್ಟುಕೊಂಡಿತ್ತಲ್ಲ, ಹಾಗೆ. ಹಿಂದಿನ ಸೇಂಟ್ ನಿಕೋಲಸ್ ಮಾರುಕಟ್ಟೆಯಲ್ಲಿ ಬಗೆಬಗೆಯ ತಿಂಡಿ ಅಂಗಡಿಗಳಿವೆ, ಸಸ್ಯಾಹಾರವೂ ಸಿಗುತ್ತದೆ.

ಪಟ್ಟಿಯ ಚರ್ಚು ಸೇಂಟ್ ಮೇರಿ ರೆಡ್‌ಕ್ಲಿಫ್ ಇರಬೇಕು. ಒಳಗಿನ ಕಲ್ಲಿನ ಛಾವಣಿ ನೋಡಿ. ಹೊರಗೆ ಅಂಗಳದಲ್ಲಿ ನೆಲಕ್ಕೆ ನಾಟಿಕೊಂಡ ಟ್ರಾಮ್ ಕಂಬಿಯ ತುಂಡೊಂದಿದೆ. 1941ರ ಬಾಂಬ್ ದಾಳಿಯಲ್ಲಿ ಮನೆಗಳ ಮೇಲಿಂದ ಹಾರಿ ಬಂದು ಚುಚ್ಚಿಕೊಂಡದ್ದು, ಹಾಗೇ ಬಿಟ್ಟಿದ್ದಾರೆ. ಪಟ್ಟಿಯ ಗೋಡೆಚಿತ್ರಗಳು ಬ್ಯಾಂಕ್ಸಿ ಎಂಬ ಕಲಾವಿದನವು ಇರಬೇಕು, ಹುಡುಕಿಕೊಂಡು ಅಲೆಯಬೇಡಿ. ಪಾರ್ಕ್ ಸ್ಟ್ರೀಟ್‌ನ ಬುಡದಲ್ಲಿ ಒಂದು ಕಾಣುತ್ತದೆ, ಸಾಕು. ಕ್ಯಾಬಟ್ ಗೋಪುರ ಬರೀ ಮೆಟ್ಟಿಲು, ಬಿಡಿ.

ಲಂಡನ್ನಿಗೆ ಎರಡು ದಿನ ಇಡಿ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಅದನ್ನು ನೋಡದೆ ಬರಬೇಡಿ. ಉಳಿದ ದಿನ ಬ್ರಿಸ್ಟಲ್‌ನಲ್ಲೇ ಇರಿ. ಸೆಪ್ಟೆಂಬರ್‌ನಲ್ಲಿ ಯಾವಾಗ ಬೇಕಾದರೂ ಮಳೆ ಬರುತ್ತದೆ, ಕೊಡೆಗಿಂತ ಟೋಪಿ ಇರುವ ಮಳೆಕೋಟು ಒಳ್ಳೆಯದು.

ಇನ್ನೊಂದು ಮಾತು. ನೀವು ಅಲ್ಲಿರುವ ದಿನಗಳಲ್ಲಿ 27ನೇ ತಾರೀಕೂ ಬರುತ್ತದೆ. ಪ್ರತಿವರ್ಷ ಆ ಹೊತ್ತಿಗೆ ರಾಯರ ಸಮಾಧಿಯ ಹತ್ತಿರ ಜನ ಸೇರಿ ಅವರನ್ನು ನೆನೆಯುತ್ತಾರೆ. ಸಭೆ ಯಾವ ದಿನ ಎಂದು ಮಗಳು ವಿಚಾರಿಸಿ, ಆ ದಿನ ರಜೆ ಹಾಕಲಿ. ಹೊರಡುವ ಮೊದಲು ನಿಮ್ಮೂರಿನ ಮಾಸ್ತಿಕಲ್ಲಿನ ಒಂದು ಒಳ್ಳೆಯ ಫೋಟೋ ತೆಗೆಸಿ. ಅಲ್ಲಿ ಮಂಟಪದ ಫೋಟೋ ತೆಗೆಯಿರಿ. ಎರಡನ್ನೂ ನಮಗೆ ಕಳಿಸಿ, ಜೊತೆಗೆ ಮಕ್ಕಳಿಗೆ ಹೇಳುತ್ತಿದ್ದ ಹಾಗೆಯೇ ಆ ಪಾಠವನ್ನೂ ಬರೆದು ಕಳಿಸಿ. ನವೆಂಬರ್ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.

ನಿಮ್ಮವ,
ಸಂಪಾದಕ