ಬಾಂಡ್ ಚಿತ್ರಗಳು: ಹಳೆಯ ಡಿವಿಡಿಯೋ, ಬ್ಲೂ-ರೇಯೋ?

ಗಂಗಾವತಿಯ ನಿಮ್ಮ ಮನೆಯ 43 ಇಂಚಿನ ಟಿವಿಗೆ ಜೇಮ್ಸ್ ಬಾಂಡ್ ಚಿತ್ರಗಳ 2006ರ ಡಿವಿಡಿಗಳು ಸಾಕೇ, 2012ರ ಬ್ಲೂ-ರೇ ಪೆಟ್ಟಿಗೆಯೇ ಬೇಕೇ ಎಂದು ಕೇಳಿದ್ದೀರಿ. ಬ್ಲೂ-ರೇ ಪ್ಲೇಯರ್ ಇದ್ದರೆ ಎರಡನೆಯದನ್ನೇ ಕೊಳ್ಳಿ ಎನ್ನುತ್ತೇನೆ.

ಹಳೆಯ ಚಿತ್ರಗಳ ಮಟ್ಟಿಗೆ ಎರಡರ ಮೂಲವೂ ಹೆಚ್ಚುಕಡಿಮೆ ಒಂದೇ; ಲೌರಿ ಡಿಜಿಟಲ್ ಸಂಸ್ಥೆಯು ಫಿಲ್ಮನ್ನು ಸ್ಕ್ಯಾನ್ ಮಾಡಿ, ಗೀರು ಮತ್ತು ಕೊಳೆಯನ್ನು ನಿವಾರಿಸಿ ಸಿದ್ಧಪಡಿಸಿದ ಪ್ರತಿಗಳಿಂದಲೇ ಅವು ಹುಟ್ಟಿವೆ. ಆದರೆ ಪಾಲ್ ಪದ್ಧತಿಯ (ಭಾರತ, ಬ್ರಿಟನ್ ಮುಂತಾದೆಡೆ ಬಳಸುವ ಟಿವಿ ಮಾನದಂಡ) ಡಿವಿಡಿಯಲ್ಲಿ ಉಳಿಯುವುದು 720×576 ಚುಕ್ಕೆಗಳು ಮಾತ್ರ. ಬ್ಲೂ-ರೇಯಲ್ಲಿ 1920×1080, ಅಂದರೆ ಸರಿಯಾಗಿ ಐದು ಪಟ್ಟು. ಅದಕ್ಕಿಂತಲೂ ನನ್ನನ್ನು ಕಾಡುವುದು ವೇಗ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಿಸಿದ್ದನ್ನು ಪಾಲ್ ಡಿವಿಡಿ 25ರಂತೆ ಓಡಿಸುವುದರಿಂದ 125 ನಿಮಿಷದ ಚಿತ್ರ 120 ನಿಮಿಷಕ್ಕೇ ಮುಗಿಯುತ್ತದೆ, ಮತ್ತು ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಶ್ರುತಿಯೂ ಸ್ವಲ್ಪ ಏರುತ್ತದೆ. ಜಾನ್ ಬ್ಯಾರಿಯವರ ಸಂಗೀತಕ್ಕಾಗಿಯೇ ಈ ಚಿತ್ರಗಳನ್ನು ನೋಡುವ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ. ಬ್ಲೂ-ರೇಯಲ್ಲಿ ಈ ತೊಡಕಿಲ್ಲ.

ಹಣ ಕೊಡುವ ಮುನ್ನ ಡಿಸ್ಕಿನ ವಲಯವನ್ನು, ಅಂದರೆ ಅದು ಯಾವ ದೇಶಗಳ ಪ್ಲೇಯರಿಗೆ ಎಂಬ ಗುರುತನ್ನು, ನೋಡಿ. ಭಾರತ ಡಿವಿಡಿಗೆ 5ನೆಯ ವಲಯ, ಬ್ಲೂ-ರೇಗೆ ಸಿ ವಲಯ. ಬ್ರಿಟನ್ನಿನ 2ನೆಯ ವಲಯದ ಡಿವಿಡಿ ನಿಮ್ಮ ಪ್ಲೇಯರಿನಲ್ಲಿ ಓಡದೆಯೂ ಇರಬಹುದು.

2012ರ ಪೆಟ್ಟಿಗೆಯಲ್ಲಿ 22 ಚಿತ್ರಗಳಿವೆ. ಶಾನ್ ಕಾನರಿ ಬಾಂಡ್ ಪಾತ್ರಕ್ಕೆ ಮರಳಿ ಬಂದ 1983ರ ಚಿತ್ರ ಬೇರೆ ನಿರ್ಮಾಪಕರದ್ದಾದ್ದರಿಂದ ಅದರಲ್ಲಿಲ್ಲ. ಬೇಕಿದ್ದರೆ ಬಿಡಿಯಾಗಿ ಕೊಳ್ಳಬೇಕು. ನಮ್ಮ ಬಳ್ಳಾರಿ, ಕೊಪ್ಪಳದ ಬಿಸಿಲಿಗೆ ಪೆಟ್ಟಿಗೆಯನ್ನು ಕಿಟಕಿಯ ಬಳಿ ಮಾತ್ರ ಇಡಬೇಡಿ.