ಎರಡೂವರಿ ವರ್ಷದ ಮಗಂಗ ಥೆರಪಿ ಈಗ್ಲೇ ಚಾಲೂ ಮಾಡ್ರಿ, ಕಾಯಬ್ಯಾಡ್ರಿ

ಅಕ್ಕಾರ, ಮಗಂಗ ಎರಡೂವರಿ ವರ್ಷ, ಹೆಸರು ಕರದ್ರ ಹೊಳ್ಳಿ ನೋಡೂದಿಲ್ಲ, ಮಾತು ಬಂದಿಲ್ಲ, ಅತ್ತಿಯಾರು 'ಗಂಡಹುಡುಗ್ರು ತಡಾ ಮಾತಾಡ್ತಾವ, ನಾಕು ತುಂಬ್ಲಿ' ಅಂತಾರ, ಏನ್ ಮಾಡ್ಲಿ ಅಂತ ಕೇಳೀರಿ. ಕಾಯಬ್ಯಾಡ್ರಿ, ಕೈ ಮುಗದು ಹೇಳ್ತೇನಿ. ನಮ್ಮ ಮಗಳಿಗೆ ಆಟಿಸಂ (ಮಾತು, ಮಂದಿ ಜೋಡಿ ಬೆರೆಯೂದು ಬ್ಯಾರೆ ಥರಾ ಬೆಳೆಯೂ ಸ್ಥಿತಿ) ಐತಿ, ನಾವೂ ಹಿಂಗ ಕಾದ್ವಿ, ಒಬ್ರು ಡಾಕ್ಟರೂ 'ಏನಿಲ್ಲ, ಬರ್ತೈತಿ' ಅಂದ್ರು, ಒಂದೂವರಿ ವರ್ಷ ಹಂಗ ಹೋತು, ನೆನಸಿದ್ರ ಇವತ್ತೂ ಹೊಟ್ಯಾಗ ಸಂಕಟ ಆಗತೈತಿ.

ಸಣ್ಣ ವಯಸ್ಸಿನ್ಯಾಗ ಮಿದುಳು ಭಾಳ ಜೋರ್ ಬೆಳೀತಿರ್ತೈತಿ, ಆವಾಗ ಕಲಿಸಿದ್ದು ಲಗೂ ಹತ್ತತೈತಿ. ಆಟಿಸಂ ಪೂರಾ ವಾಸಿ ಮಾಡ್ತೇವಿ ಅಂತ ಔಷಧ ಮಾರಾವ್ರನ್ನ ಮಾತ್ರ ನಂಬಬ್ಯಾಡ್ರಿ. ನಮ್ಮ ಥೆರಪಿಸ್ಟ್ ಮೊದ್ಲ ಹೇಳಿಕೊಟ್ಟಿದ್ದು ಏನ್ ಗೊತ್ತೇನ್ರಿ, ಚುರಮರಿ ಡಬ್ಬಿ ಮುಚ್ಚಳ ಬಿಗಿ ಮಾಡಿ ಮಗಳ ಮುಂದ ಇಟ್ಟು ಸುಮ್ನ ಕೂಡ್ರಿ ಅಂತ. ಮೊದ್ಲ ಬರೇ ಅತ್ಲು, ಡಬ್ಬಿ ಒಗದ್ಲು, ನನಗ ಎದಿ ಒಡದಂಗ ಆಗ್ತಿತ್ತು, ಮೂರನೇ ವಾರ ಡಬ್ಬಿ ನನ್ನ ಕೈಯಾಗ ಇಟ್ಟು ನನ್ನ ಮಾರಿ ನೋಡಿದ್ಲು, ಅಷ್ಟ ರೀ, ಮಾತಿಲ್ಲ, ಆದ್ರ ಅವ್ವಾ ತಗದು ಕೊಡು ಅಂತ ಕೇಳಿದಂಗ ಇತ್ತು.

ಮೊದ್ಲ ಕಿವಿ ಟೆಸ್ಟ್ ಮಾಡಿಸ್ರಿ. ನೀವು ಗದಗದಾಗ ಅದೀರಿ, ಜಿಲ್ಲಾ ಆಸ್ಪತ್ರ್ಯಾಗ ಮಕ್ಕಳ ಆರೋಗ್ಯ ತಪಾಸಣಿ ಮಾಡೂ ಸರ್ಕಾರಿ ಯೋಜನಾ ಆರ್‌ಬಿಎಸ್‌ಕೆ, ಅದರ ಕೇಂದ್ರ ಡಿಇಐಸಿ ಅಂತ ಕೇಳ್ರಿ, ಮಕ್ಕಳ ಬೆಳವಣಿಗಿ ತಡಾ ಆದ್ರ ನೋಡಾಕಂತನ ಐತಿ, ಪುಕ್ಕಟ. ಧಾರವಾಡದಾಗಿನ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರಿ ಡಿಮ್ಹಾನ್ಸ್‌ಗೂ ತೋರಸ್ರಿ. ಆಮ್ಯಾಲ ಆಟಿಸಂ ಅಂತ ಖಾತ್ರಿ ಆದ್ರ ನಿರಾಮಯ ಅಂತ ಕೇಂದ್ರ ಸರ್ಕಾರದ ಆರೋಗ್ಯ ವಿಮಾ ಮಾಡಿಸ್ರಿ, ಥೆರಪಿ ಖರ್ಚೂ ಸೇರಿ ವರ್ಷಕ್ಕ 1 ಲಕ್ಷದ ತನಕ ಐತಿ. ಮೊಬೈಲ್ ಕಮ್ಮಿ ಮಾಡ್ರಿ, ಅತ್ತಿಯಾರನ್ನೂ ಒಂದ್ ಸಲ ಕರಕೊಂಡ ಹೋಗ್ರಿ, ಡಾಕ್ಟರ್ ಬಾಯಿಂದ ಅವ್ರೂ ಕೇಳ್ಲಿ.